ಹಗೇವಿಗೆ ಬಿಟ್ಟ ಬ್ಯಾಟರಿ

ನಮ್ಮ ಮನೆಯವರಿಗೆ ಹೆಸರಿನ ಹುಚ್ಚು. ಗುಡಿಗೆ ಒಂದು ತಾಮ್ರದ ಕೊಡ ಕೊಟ್ಟರೂ ಅದರ ಮೈತುಂಬ ತಮ್ಮ ಹೆಸರು ಕೊರೆಸಿಯೇ ಕೊಡುವವರು. ಕೊಡ ದೇವರಿಗೋ ಹೆಸರಿಗೋ ಎಂದು ನಾನು ಚೇಷ್ಟೆ ಮಾಡಿದರೆ ಊಟ ಬಿಟ್ಟು ಏಳುತ್ತಿದ್ದರು.

ಎಪ್ಪತ್ತೈದರಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ, ಬೈಲಹೊಂಗಲದ ಬೀಗರ ಮನೆಗೆ ಹೋಗಿದ್ದೆವು. ಯರಗಟ್ಟಿಯ ಬಸ್ಸು ತಡವೆಂದು ಅವರು, ಅವರ ತಮ್ಮ ನಿಜಗುಣಪ್ಪ, ನಾನು ಹಳೆಯ ವಾಡೆಯೊಂದಕ್ಕೆ ಹೊಕ್ಕೆವು. ಊರವರು ಕೂಡಿ ಅಲ್ಲಿ ಹಳೆಯ ಸಾಮಾನುಗಳ ವಸ್ತುಸಂಗ್ರಹಾಲಯ ಮಾಡಿದ್ದರು. ಪ್ರತಿಯೊಂದರ ಕೆಳಗೂ ಕೊಟ್ಟವರ ಹೆಸರಿನ ಚೀಟಿ.

ತುಕ್ಕು ಹಿಡಿದ ಕತ್ತಿಯೊಂದರ ಕೆಳಗೆ ಉಳವಪ್ಪನ ಹೆಸರಿತ್ತು. ಪೇಟೆಯಲ್ಲಿ ಇವರಿಗೂ ಉಳವಪ್ಪನಿಗೂ ಎಣ್ಣೆ ಸೀಗೇಕಾಯಿ. ಇವರ ಮುಖ ಕಪ್ಪಿಟ್ಟಿತು.

ಕಾವಲುಗಾರ ಲಗಮಣ್ಣ ಅದನ್ನು ಗಮನಿಸಿರಬೇಕು. "ಅಂಗಳದ ಹಗೇವಿನ್ಯಾಗ ಹಿತ್ತಾಳಿ ಸೇರು ಒಂದು ಬಿದ್ದೈತ್ರಿ. ಮ್ಯಾಲ ತಂದವರ ಹೆಸರಿಲೇ ಇಡತೇವಿ ಅಂತ ಕಮಿಟಿಯವರು ಅಂದಾರ್ರಿ," ಅಂದ.

ಇವರು ಆಗಲೇ ತೋಳೇರಿಸಿದ್ದರು.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಗಂಡಸರು ಮುಚ್ಚುಗಲ್ಲು ಸರಿಸಿದಾಗ ಹುಳಿ ವಾಸನೆಯ ಬಿಸಿ ಗಾಳಿ ನನ್ನ ಮುಖಕ್ಕೆ ಬಡಿಯಿತು. ನಮ್ಮ ಕಡೆ ಹಗೇವು ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಮೊದಲು ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಬಿಡುತ್ತಾರೆ. ಅದು ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದರ್ಥ, ಇಳಿದವನು ಬದುಕುವುದಿಲ್ಲ.

"ಮೊದಲ ಕಂದೀಲ ಬಿಡ್ರಿ," ಅಂದೆ.

"ವಾಡೇದಾಗ ಬೆಂಕಿ ಹಚ್ಚಾಂಗಿಲ್ಲರಿ ಯವ್ವಾ, ಎಲ್ಲಾ ಹಳೇ ಕಟಗಿ," ಎಂದು ಲಗಮಣ್ಣ ತನ್ನ ಬ್ಯಾಟರಿ ಕೊಟ್ಟ.

ಇದ್ದ ಒಂದೇ ಹಗ್ಗಕ್ಕೆ ಆ ಬ್ಯಾಟರಿ ಕಟ್ಟಿ ಬಿಟ್ಟರು. ಮಳೆನೀರು ಇಳಿದು ಕೊಳೆತ ಕಪ್ಪು ಹುಲ್ಲು ಕಂಡಿತು. ಅದರ ನಡುವೆ ಸೇರು ಹೊಳೆಯಿತು.

"ನೋಡು, ದೀಪ ಆರಿಲ್ಲ," ಅಂದರು ಇವರು.

"ಬ್ಯಾಟರಿ ಎಲ್ಲೆರ ಆರತೈತೇನ್ರಿ?"

"ಬೆಳಕಂದ್ರ ಬೆಳಕು. ಖಾಲಿ ಹಗೇವಿನ್ಯಾಗ ಏನೈತಿ ಅಂಜಾಕ? ನೀ ಸುಮ್ಮ ಕುಂದರು."

ಗೋಡೆಯ ಗೂಡುಗಳಲ್ಲಿ ಕಾಲಿಡುತ್ತ ಇಳಿದೇಬಿಟ್ಟರು. ಸೇರು ಎತ್ತಿ ಹಿಡಿದು, "ಬರೀರೋ ನನ್ನ ಹೆಸರು!" ಎಂದು ನಕ್ಕರು. ಆಮೇಲೆ ಏನೋ ಮರೆತವರ ಹಾಗೆ ನಿಂತರು. ಮೊಣಕಾಲು ಮಡಿಸಿ ಕುಳಿತರು. ಹುಲ್ಲಿನ ಮೇಲೆ ಮಗ್ಗುಲಾದರು.

ಚೇಷ್ಟೆ ಎಂದುಕೊಂಡೆ. ಕರೆದೆ. ಅಲುಗಲಿಲ್ಲ. ಮದುವೆ ಮನೆಗಳಲ್ಲಿ ಗಂಡನ ಹೆಸರು ಹೆಣೆದು ಒಡಪು ಹೇಳುವಾಗ ಬಿಟ್ಟರೆ ಎಂದೂ ಬಾಯಲ್ಲಿ ಬಾರದ ಅವರ ಹೆಸರನ್ನು "ದುಂಡಪ್ಪಾ!" ಎಂದು ಚೀರಿದೆ. ಬ್ಯಾಟರಿ ಮಾತ್ರ ಅವರ ಮುಖದ ಮೇಲೆ ಚೆನ್ನಾಗಿ ಬೆಳಗುತ್ತಿತ್ತು.

ಲಗಮಣ್ಣ ಹಗ್ಗ, ಮಂದಿ ತರುತ್ತೇನೆಂದು ಬೀದಿಗೆ ಓಡಿದ. ನಾನು ಅವನ ಕಡ್ಡಿಪೆಟ್ಟಿಗೆ ಕಸಿದುಕೊಂಡಿದ್ದೆ. ಎಲೆಯಡಿಕೆ ಸುತ್ತಿದ್ದ ಕಾಗದಕ್ಕೆ ಬೆಂಕಿ ಹಚ್ಚಿ ಒಳಗೆ ಬಿಟ್ಟೆ. ಅರ್ಧ ದಾರಿಗೇ ಯಾರೋ ಬೆರಳಿಂದ ಹಿಸುಕಿದ ಹಾಗೆ ಆರಿತು.

ಅಷ್ಟರಲ್ಲಿ ನಿಜಗುಣಪ್ಪ ಒಂದು ಕಾಲು ಒಳಗೆ ಇಟ್ಟಿದ್ದ. ಎರಡೂ ಕೈಯಿಂದ ಅವನ ನಡುವನ್ನು ತಬ್ಬಿ ಹಿಂದಕ್ಕೆ ಜಗ್ಗಿದೆ.

"ಬಿಡ್ರಿ ವೈನಿ! ನಮ್ಮಣ್ಣ ಸಾಯಾಕತ್ತಾನ್ರಿ!"

"ನೀನೂ ಸಾಯತಿಯೋ!"

ಅವನು ನನ್ನ ಕೈ ಗುದ್ದಿದ, ಅತ್ತ. ಹೋಗಲಿ, ಹೇಗಾದರೂ ಮಾಡಿ ಅವರನ್ನು ಹೊತ್ತು ತರಲಿ ಎಂದು ನನ್ನ ಜೀವವೂ ಒಳಗೇ ಕೂಗುತ್ತಿತ್ತು. ಹಲ್ಲು ಕಚ್ಚಿ ಹಿಡಿದೆ. ಬೀದಿಯಿಂದ ಮಂದಿಯ ಸದ್ದು ಇನ್ನೂ ಕೇಳಿಸಿರಲಿಲ್ಲ. ನನ್ನ ಗಂಡನನ್ನು ಉಳಿಸಲು ಹೊರಟ ಒಬ್ಬನೇ ಒಬ್ಬನನ್ನು ನಾನು ಬಿಡಲಿಲ್ಲ.