ಗಾಳಿ ಕುಡಿದ ಡೀಸೆಲ್

ಸುಳ್ಳು ಹೇಳುತ್ತಿದ್ದಾನೆಯೇ? ಇರಲಾರದು. ಚಿಕ್ಕಂದಿನಿಂದಲೂ ಸುಳ್ಳು ಹೇಳುವಾಗ ಅವನ ಎಡಗಣ್ಣಿನ ರೆಪ್ಪೆ ಅದುರುತ್ತಿತ್ತು. ಈಗ ಅದುರಲಿಲ್ಲ. ಹಾಗಾದರೆ ಡೀಸೆಲ್ ಎಲ್ಲಿ ಹೋಯಿತು? ಗಾಡಿ ಹೊತ್ತದ್ದು ಮಂಡಕ್ಕಿ. ಊದಿದರೆ ಹಾರಿಹೋಗುವ ಮಾಲು. ಚಿತ್ರದುರ್ಗಕ್ಕೆ ಹೋಗಿ ಬರುವುದರೊಳಗೆ ಡೀಸೆಲ್ ಮೀಟರಿನ ಮುಳ್ಳು ಅಷ್ಟು ಕೆಳಗಿಳಿಯಬೇಕಾದರೆ ಗಾಡಿ ಬೇರೆಲ್ಲಿಗೋ ಹೋಗಿರಬೇಕು. ಇಲ್ಲವೇ ದಾರಿಯಲ್ಲಿ ಯಾರಿಗೋ ಪೈಪು ಹಾಕಿ ಇಳಿಸಿ ಕೊಟ್ಟಿರಬೇಕು. ಆದರೆ ಹಯಾತ್ ಹಾಗೆ ಮಾಡುತ್ತಾನೆಯೇ?

ಹೀಗೆ ಯೋಚಿಸುತ್ತಿದ್ದವನು ಬುಡ್ನೇಸಾಬ, ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯ ಯಜಮಾನ. ಹಯಾತ್ ಅವನ ತಮ್ಮ, ಭಟ್ಟಿಯ ಪಿಕಪ್ ಗಾಡಿ ಓಡಿಸುವವನು. ಆ ಬೆಳಿಗ್ಗೆ ಬುಡ್ನೇಸಾಬ ಗಾಡಿಯ ಹಿಂದೆ ನಿಂತು, ನನ್ನ ಅಂಚನ್ನು ಎರಡು ಬೆರಳುಗಳ ನಡುವೆ ಹೊಸೆಯುತ್ತ, ಇದನ್ನೆಲ್ಲ ಅರ್ಧ ಮನಸ್ಸಿನಲ್ಲಿ, ಅರ್ಧ ಬಾಯಲ್ಲಿ ಅಂದುಕೊಳ್ಳುತ್ತಿದ್ದ. ಮನುಷ್ಯರು ನಮ್ಮಂಥವುಗಳ ಮುಂದೆ ಗೊಣಗಲು ಹಿಂಜರಿಯುವುದಿಲ್ಲ.

ನಾನು ಒಂದು ತಾಡಪಾಲು. ಆ ಗಾಡಿಯ ಹಿಂಬದಿಯನ್ನು ಮುಚ್ಚುವ ಹೊದಿಕೆ. ಡೀಸೆಲ್ ಎಲ್ಲಿ ಹೋಗುತ್ತಿತ್ತೆಂದು ನನಗೆ ಗೊತ್ತಿತ್ತು. ಹಯಾತ್‌ಗೂ ಗೊತ್ತಿತ್ತು. ನನಗೆ ಬಾಯಿರಲಿಲ್ಲ. ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ.

ನಾನು ಹತ್ತಿಯಿಂದ ಆದವಳು. ದಪ್ಪ ನೂಲಿನ ಬಟ್ಟೆಗೆ ಮೇಣ ಕುಡಿಸಿ, ಒಣಗಿಸಿ, ಸುತ್ತಿ ಕಳಿಸಿದ್ದರು. ಹಳೆ ಗಿರಣಿಯ ಹಿಂದಿನ ಓಣಿಯಲ್ಲಿ ಈರಣ್ಣನೆಂಬವನು ನನ್ನನ್ನು ಕತ್ತರಿಸಿ, ಅಂಚು ಮಡಿಸಿ ಹೊಲಿದು, ಹಗ್ಗ ಪೋಣಿಸಲು ಸುತ್ತಲೂ ಹಿತ್ತಾಳೆಯ ಕಣ್ಣು ಹೊಡೆದ. ಒಂದೊಂದು ಕಣ್ಣು ಹೊಡೆದಾಗಲೂ ನೋವಾಯಿತು. ಆಮೇಲೆ ಆ ಕಣ್ಣುಗಳ ಮೂಲಕವೇ ನಾನು ಲೋಕವನ್ನು ನೋಡಿದೆ.

ಅಣ್ಣ ತಮ್ಮ ಇಬ್ಬರೂ ಕೂಡಿಯೇ ನನ್ನನ್ನು ಕೊಳ್ಳಲು ಬಂದಿದ್ದರು. ಅವರದು ಹತ್ತಿ ಹಿಂಜುವ ಮನೆತನ. ಹಾಸಿಗೆಗೆ ಹತ್ತಿ ತುಂಬಿಸುವವರು ಕಡಿಮೆಯಾದ ಮೇಲೆ ಹಿಂಜುವ ಬಿಲ್ಲನ್ನು ಅಟ್ಟಕ್ಕೆ ಹಾಕಿ ಭಟ್ಟಿ ಹಿಡಿದಿದ್ದರು. ಬುಡ್ನೇಸಾಬ ನನ್ನನ್ನು ಮೂಗಿಗೆ ಹಿಡಿದು ನೋಡಿದ.

“ನಮ್ಮಪ್ಪ ಹಿಂಜಿದ ಹತ್ತಿನ ಇರಬೇಕು ನೋಡಲೇ ಇದು,” ಎಂದ.

“ಅಪ್ಪ ಹೋಗಿ ಯಾವ ಕಾಲ ಆತು. ಹಂಗಾದ್ರ ಬಾಳ ಹಳೇ ಮಾಲಾತಲ್ಲ, ರೇಟು ಇಳಸು ಅಂತ ಹೇಳು ಈರಣ್ಣಗ,” ಎಂದ ಹಯಾತ್.

ಈರಣ್ಣ ರೇಟು ಇಳಿಸಲಿಲ್ಲ. ಮೂವರೂ ನಕ್ಕು ಚಹಾ ಕುಡಿದರು. ಆ ನಗುವನ್ನು ನಾನು ಹೊತ್ತುಕೊಂಡೇ ಗಾಡಿಯ ಮೇಲೆ ಏರಿದೆ.

ಮೊದಲ ವರ್ಷಗಳು ಒಳ್ಳೆಯವು. ಮಂಡಕ್ಕಿ ಚೀಲಗಳನ್ನು ಒಟ್ಟಿ, ನನ್ನನ್ನು ಅವುಗಳ ಮೈಗೆ ಅಂಟಿಸಿದಂತೆ ಎಳೆದು ಕಟ್ಟುತ್ತಿದ್ದ ಹಯಾತ್. ಅವನು ಹಾಕಿದ ಗಂಟು ಸಡಿಲುವುದಿಲ್ಲ, ಬಿಚ್ಚುವಾಗ ಸತಾಯಿಸುವುದೂ ಇಲ್ಲ. ಬರುವಾಗ ಗಾಡಿ ಖಾಲಿ. ನನ್ನನ್ನು ನೀಟಾಗಿ ಮಡಿಸಿ, ಖಾಲಿ ಚೀಲಗಳ ಕೆಳಗೆ ಇಟ್ಟು, ಮೇಲೆ ಸ್ಟೆಪ್ನಿ ಟಯರು ಹೇರುತ್ತಿದ್ದ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತಿದ್ದವು. ನಾನು ಕತ್ತಲಲ್ಲಿ ಮಲಗಿ ಮನೆ ಸೇರುತ್ತಿದ್ದೆ.

ಒಂದು ಮಳೆಗಾಲ ಕೆಟ್ಟಿತು. ಚೀಲಗಳ ನಡುವಿನ ತಗ್ಗಿನಲ್ಲಿ ನನ್ನ ಮೇಲೆ ನೀರು ಮಡುಗಟ್ಟಿ, ಹೊಲಿಗೆಯಿಂದ ಒಳಗೆ ಜಿನುಗಿತು. ಮಂಡಕ್ಕಿಗೆ ನೀರು ಬೇಕಿಲ್ಲ, ತೇವದ ಗಾಳಿ ತಾಗಿದರೆ ಸಾಕು, ಮೆತ್ತಗಾಗುತ್ತದೆ. ಅಂಗಡಿಯವರು ಚೀಲಗಳನ್ನು ವಾಪಸು ಕಳಿಸಿದರು. ಬುಡ್ನೇಸಾಬ ವೆಲ್ಡಿಂಗ್ ಅಂಗಡಿಗೆ ಹೋಗಿ ಗಾಡಿಗೆ ಕಬ್ಬಿಣದ ಕಮಾನು ಹಾಕಿಸಿದ. ಕ್ಯಾಬಿನ್ನಿನ ತಲೆಗಿಂತ ಮೊಳದಷ್ಟು ಎತ್ತರದ ಕಮಾನು. ಅದರ ಮೇಲೆ ನನ್ನನ್ನು ಹೊದಿಸಿ, ಸುತ್ತಲೂ ಹಗ್ಗ ಹೆಣೆದು ಬಿಗಿದರು. ಗಾಡಿ ಈಗ ಮನೆಯ ಹಾಗೆ ಕಾಣುತ್ತಿತ್ತು. ಬುಡ್ನೇಸಾಬ ಎರಡು ಸಲ ಅದರ ಸುತ್ತ ತಿರುಗಿ ನೋಡಿದ. ಅವನಿಗೆ ಅಷ್ಟು ಹೆಮ್ಮೆಯಾದದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ.

“ಇನ್ನು ಬಿಚ್ಚಬ್ಯಾಡ ಇದನ್ನ. ಬಿಚ್ಚಿ ಕಟ್ಟಿ ಮಾಡಿದ್ರ ಕಣ್ಣು ಕಿತ್ತು ಹೋಗ್ತಾವ,” ಎಂದು ತಮ್ಮನಿಗೆ ಹೇಳಿದ.

ಮಳೆ ಸೋರುವುದು ನಿಂತಿತು. ಗಾಳಿ ಶುರುವಾಯಿತು.

ಆಷಾಢದಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ಬರುವ ದಾರಿಯಲ್ಲಿ ಗಾಳಿ ಎದುರಿಗೆ ಬರುತ್ತದೆ. ಕ್ಯಾಬಿನ್ನಿನ ಮೇಲಿಂದ ಹಾದು ಹೋಗಬೇಕಾದ ಗಾಳಿ ಈಗ ನನ್ನ ಎದೆಗೆ ಬಂದು ಬಡಿಯುತ್ತಿತ್ತು. ಒಳಗೆ ಸರಕಿಲ್ಲ, ಒತ್ತಿ ಹಿಡಿಯುವವರಿಲ್ಲ. ನಾನು ಉಬ್ಬುತ್ತಿದ್ದೆ, ಕುಸಿಯುತ್ತಿದ್ದೆ, ಪಟಪಟ ಬಡಿದುಕೊಳ್ಳುತ್ತಿದ್ದೆ. ಇಂಜಿನ್ನು ಮುಂದಕ್ಕೆ ಎಳೆದಷ್ಟೂ ಗಾಳಿ ನನ್ನನ್ನು ಹಿಡಿದು ಹಿಂದಕ್ಕೆ ಎಳೆಯುತ್ತಿತ್ತು. ಹಯಾತ್ ಕಾಲನ್ನು ಇನ್ನಷ್ಟು ಅದುಮುತ್ತಿದ್ದ. ಖಾಲಿ ಗಾಡಿ, ತುಂಬಿದ ಗಾಡಿಗಿಂತ ಹೆಚ್ಚು ನರಳುತ್ತಿತ್ತು.

ಅವನು ಬಂದು ಹೇಳಿದ. ಭಟ್ಟಿಯಲ್ಲಿ ಕಾದ ಮರಳಿನೊಳಗೆ ಅಕ್ಕಿ ಸಿಡಿಯುತ್ತಿತ್ತು. ಹೆಂಗಸರು ಜರಡಿ ಹಿಡಿದಿದ್ದರು.

“ಅಣ್ಣಾ, ಮೈಲೇಜು ಬೀಳಾಕತ್ತಿದ್ದು ತಾಡಪಾಲಿಂದ. ಬರುವಾಗ ಗಾಳಿ ಹಿಡಿತೈತಿ.”

“ಏನಂದಿ?”

“ಗಾಳಿ. ಗಾಳಿ ತಡಿತೈತಿ ಗಾಡೀನ. ಡೀಸೆಲ್ಲು ಅದಕ್ಕ ಹೋಗ್ತೈತಿ.”

ಬುಡ್ನೇಸಾಬ ಎಲ್ಲರಿಗೂ ಕೇಳುವ ಹಾಗೆ, “ಕೇಳಿದ್ರೇನವಾ, ನಮ್ಮ ಡೀಸೆಲ್ಲು ಗಾಳಿ ಕುಡಿತೈತಂತ,” ಎಂದ.

ಜರಡಿಗಳು ನಿಂತವು. ಎಲ್ಲರೂ ನಕ್ಕರು. ರಾಜಾಬಿ ಎಂಬ ಮುದುಕಿ, “ಹೊಗೆ ಕುಡಿಯೋ ಗಂಡಸರನ್ನ ನೋಡೇನಿ, ಡೀಸೆಲ್ ಕುಡಿಯೋ ಗಾಳಿ ಇವತ್ತ ಕೇಳಿದ್ದು ನಮ್ಮಪ್ಪಾ,” ಎಂದಳು. ಹಯಾತ್ ಕೂಡ ನಕ್ಕ. ಅಂದಿನಿಂದ ಅವನಿಗೆ ಗಾಳಿಸಾಬ ಎಂಬ ಹೆಸರು ಅಂಟಿತು.

ಅವರ ಲೆಕ್ಕವೇ ಬೇರೆ. ಹಗುರ ಮಾಲಿಗೆ ಕಡಿಮೆ ಡೀಸೆಲ್, ಭಾರದ ಮಾಲಿಗೆ ಹೆಚ್ಚು. ತಲೆಮಾರುಗಳಿಂದ ಹತ್ತಿ ಮತ್ತು ಮಂಡಕ್ಕಿಯಂಥ ಹಗುರ ವಸ್ತುಗಳನ್ನು ನಂಬಿ ಬಾಳಿದವರಿಗೆ, ತೂಕವೇ ಇಲ್ಲದ್ದು ಗಾಡಿಯನ್ನು ಹಿಡಿದು ನಿಲ್ಲಿಸಬಲ್ಲದೆಂದು ತೋಚಲಿಲ್ಲ.

“ನೀನ ಒಂದ್ಸಲ ನನ್ನ ಜೊತಿ ಬಾರಣ್ಣ. ಬಿಚ್ಚಿಕೊಂಡು ಬರೋಣು. ನೀನ ನೋಡು,” ಎಂದು ಹಯಾತ್ ಇನ್ನೊಂದು ದಿನ ಕರೆದ.

“ಭಟ್ಟಿ ಬಿಟ್ಟು ಎಲ್ಲಿ ಬರ್ಲಲೇ,” ಎಂದ ಬುಡ್ನೇಸಾಬ.

ಅವನು ಬರಲಿಲ್ಲ. ನಾನು ಮೊದಲು ಹೇಳಿದ ಆ ಬೆಳಿಗ್ಗೆ, ನನ್ನ ಅಂಚನ್ನು ಹೊಸೆದು ಹೊಸೆದು ಬಿಟ್ಟ ಮೇಲೆ, ತನ್ನ ಹೆಂಡತಿಯ ತಮ್ಮ ಮೌಲಾನನ್ನು ಕರೆದು ಗಾಡಿ ಹತ್ತಿಸಿದ. “ಜೊತಿಗೆ ಇರ್ಲಿ, ಒಬ್ಬನ ಹೋಗ್ತಿ,” ಎಂದು ತಮ್ಮನಿಗೆ ಹೇಳಿದ. ಅಷ್ಟು ವರ್ಷ ಒಬ್ಬನೇ ಹೋಗಿ ಬಂದವನಿಗೆ.

ಹಯಾತ್ ಒಂದು ಗಳಿಗೆ ಅಣ್ಣನನ್ನು ನೋಡಿದ. ದಾರಿಯುದ್ದಕ್ಕೂ ಮೌಲಾ ಮಾತಾಡಿದ. ಹಯಾತ್ ಎಲ್ಲಿಯೂ ನಿಲ್ಲಿಸಲಿಲ್ಲ, ಚಹಾಕ್ಕೂ ಇಲ್ಲ. ಮರಳಿ ಬಂದು ಗಾಡಿ ನಿಲ್ಲಿಸಿ, ಕೆಳಗಿಳಿದು, ನನ್ನ ಒಂದು ಗಂಟು ಸಡಿಲಾಗಿದ್ದನ್ನು ಬಿಗಿದ. ಆಮೇಲೆ ಒಳಗೆ ಹೋಗಿ ಕೀಲಿಯನ್ನು ಗೋಡೆಯ ಮೊಳೆಗೆ ಹಾಕಿದ.

“ಮೌಲಾನ ಓಡಸ್ಲಿ ಇನ್ಮ್ಯಾಲೆ,” ಎಂದ. “ನನಗ ಹರಿಹರದಾಗ ಒಂದು ಇಟ್ಟಿಗಿ ಲಾರಿ ಐತಿ.”

ಬುಡ್ನೇಸಾಬ ಬೇಡ ಎನ್ನಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತು ಎಂಬ ಭಯ ಅವನಿಗಿತ್ತೆಂದು ನನಗನ್ನಿಸುತ್ತದೆ.

ಮೌಲಾ ಓಡಿಸಿದ. ಮುಳ್ಳು ಹಾಗೆಯೇ ಇಳಿಯಿತು. “ಇವನೂ ಕಳ್ಳನೇನು ಹಂಗಾದ್ರ?” ಎಂದು ಬುಡ್ನೇಸಾಬನ ಹೆಂಡತಿ ಜೋರು ಮಾಡಿದಳು. ಮರುವರ್ಷದ ಆಷಾಢದಲ್ಲಿ ಮೌಲಾ ಜ್ವರ ಬಂದು ಮಲಗಿದಾಗ ಬುಡ್ನೇಸಾಬನೇ ಗಾಡಿ ತೆಗೆದ. ಹಿಂದಿರುಗುವಾಗ ಬಯಲಿನಲ್ಲಿ ಸ್ಟೀರಿಂಗು ಅವನ ಕೈಯಲ್ಲಿ ನಡುಗಿತು. ಹಿಂದಿನಿಂದ ಯಾರೋ ಹಿಡಿದು ಜಗ್ಗಿದ ಹಾಗಾಯಿತು. ಗಾಡಿ ನಿಲ್ಲಿಸಿ, ಇಳಿದು, ನನ್ನನ್ನು ನೋಡಿದ. ನಾನು ಉಬ್ಬಿ ನಿಂತಿದ್ದೆ. ಅವನು ಅಂಗೈಯನ್ನು ನನ್ನ ಮೇಲಿಟ್ಟು ಒತ್ತಿದ. ನಾನು ಅವನ ಕೈಯನ್ನು ಹಿಂದಕ್ಕೆ ತಳ್ಳಿದೆ.

ಹಗ್ಗಗಳನ್ನು ಬಿಚ್ಚಿದ. ಒಬ್ಬನೇ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಹಯಾತ್‌ನ ಹಾಗೆ ಮಡಿಸಲು ಬರದೆ, ಹೇಗೋ ಸುತ್ತಿ ಟಯರಿನ ಕೆಳಗೆ ತುರುಕಿದ. ಉಳಿದ ದಾರಿಯನ್ನು ಗಾಡಿ ಹಗುರಾಗಿ ಓಡಿತು. ಊರು ಬರುವವರೆಗೂ ಮುಳ್ಳು ಹೆಚ್ಚೇನೂ ಅಲುಗಲಿಲ್ಲ. ಭಟ್ಟಿಯ ಮುಂದೆ ಗಾಡಿ ನಿಂತ ಮೇಲೂ ಅವನು ಇಳಿಯದೆ ಕುಳಿತೇ ಇದ್ದ.

ವಾರದೊಳಗೆ ಕಮಾನನ್ನು ಕತ್ತರಿಸಿ ತೆಗೆಸಿದ. ನಾನು ಮತ್ತೆ ಚೀಲಗಳ ಮೈಗೆ ಅಂಟಿಕೊಂಡೆ.

ಬಕ್ರೀದಿಗೆ ಹಯಾತ್ ಹೆಂಡತಿ ಜೈನಾಬಿಯೊಂದಿಗೆ ಬಂದ. ಊಟವಾದ ಮೇಲೆ ಅಂಗಳಕ್ಕೆ ಬಂದು ಗಾಡಿಯನ್ನು ನೋಡಿದ. ಕಮಾನು ಇದ್ದ ಜಾಗದಲ್ಲಿ ಕಬ್ಬಿಣ ಕೊಯ್ದ ಗುರುತುಗಳಿದ್ದವು. ಅವುಗಳ ಮೇಲೆ ಬೆರಳಾಡಿಸಿದ. ಬುಡ್ನೇಸಾಬ ಹಿಂದೆಯೇ ಬಂದು ನಿಂತಿದ್ದ. ಇಬ್ಬರೂ ಸುಮ್ಮನಿದ್ದರು. ಆ ಮೌನದಲ್ಲಿ ಒಂದು ಮಾತಿಗೆ ಬೇಕಾದಷ್ಟು ಜಾಗವಿತ್ತು. ನಾನು ಕಾದೆ. ಹಯಾತ್ ನನಗಿಂತ ಹೆಚ್ಚು ಕಾದ.

“ತುಕ್ಕು ಹಿಡಿದಿತ್ತು,” ಎಂದ ಬುಡ್ನೇಸಾಬ. “ತಗಸಿದೆ.”

“ಹೌದಾ,” ಎಂದ ಹಯಾತ್. ನನ್ನನ್ನು ಹೊರಗೆಳೆದು, ಕೊಡವಿ, ಸರಿಯಾಗಿ ಮಡಿಸಿ ಮತ್ತೆ ಇಟ್ಟ. ಹೋಗುವಾಗ, “ಮಳಿಗೆ ಹೊಲಿಗಿ ಮ್ಯಾಲೆ ಮೇಣ ಹಚ್ಚು, ಸೋರಂಗಿಲ್ಲ,” ಎಂದಷ್ಟೇ ಹೇಳಿದ.

ಆಮೇಲೆ ಹಬ್ಬಕ್ಕೆ ಜೈನಾಬಿ ಮಾತ್ರ ಬರುತ್ತಿದ್ದಳು. “ಲಾರಿ ಬಿಡಂಗಿಲ್ಲ ಭಾವಾರ ಅವರಿಗೆ,” ಎನ್ನುತ್ತಿದ್ದಳು.

ಕೆಲವು ವರ್ಷಗಳಾದ ಮೇಲೆ ಒಂದು ಆಷಾಢದಲ್ಲಿ ಹರಿಹರದಿಂದ ಸುದ್ದಿ ಬಂತು. ಹಯಾತ್ ಊಟಕ್ಕೆ ಕುಳಿತಲ್ಲೇ ಎದೆ ಹಿಡಿದುಕೊಂಡು ಒರಗಿದ್ದ. ಅವನನ್ನು ತಂದೆಯ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ದಾವಣಗೆರೆಗೆ ತಂದರು. ಮಳೆ ಹಿಡಿದಿತ್ತು. ತೋಡಿದ ಗುಂಡಿಯಲ್ಲಿ ನೀರು ನಿಲ್ಲಬಾರದೆಂದು ಗಾಡಿಯಲ್ಲಿದ್ದ ನನ್ನನ್ನು ತಂದು, ನಾಲ್ವರು ನಾಲ್ಕು ಮೂಲೆ ಹಿಡಿದು ಗುಂಡಿಯ ಮೇಲೆ ಚಾಚಿದರು. ಗಾಳಿ ಬಂತು. ನಾನು ಉಬ್ಬಿ ಎಳೆದೆ. ಒಂದು ಮೂಲೆಯನ್ನು ಬುಡ್ನೇಸಾಬ ಹಿಡಿದಿದ್ದ. ಹಿತ್ತಾಳೆಯ ಕಣ್ಣು ಅವನ ಬೆರಳನ್ನು ಕೊಯ್ದು ನನ್ನ ಅಂಚು ಕೆಂಪಾಯಿತು.

“ಭಾವಾರ, ಬಿಡ್ರಿ, ಗೂಟಕ್ಕ ಕಟ್ತೀವಿ,” ಎಂದ ಮೌಲಾ.

ಅವನು ಬಿಡಲಿಲ್ಲ. ಮಣ್ಣು ಮುಚ್ಚುವವರೆಗೂ ಗಾಳಿಯ ಆ ಜಗ್ಗಾಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.

ಈಗ ನನ್ನ ಮೇಣವೆಲ್ಲ ಹೋಗಿದೆ. ನನ್ನನ್ನು ಎರಡು ತುಂಡು ಮಾಡಿದ್ದಾರೆ. ಒಂದು ತುಂಡು ಎಲ್ಲಿದೆಯೋ ತಿಳಿಯದು. ಈ ತುಂಡು ಭಟ್ಟಿಯ ಮೂಲೆಯಲ್ಲಿ ಒಲೆಗೆ ಹಾಕುವ ಹೊಟ್ಟನ್ನು ಮುಚ್ಚಿಕೊಂಡಿದೆ. ಇಲ್ಲಿ ಗಾಳಿಯಿಲ್ಲ. ಬುಡ್ನೇಸಾಬನಿಗೆ ವಯಸ್ಸಾಗಿದೆ. ಸಂಜೆ ಹೊಟ್ಟಿನ ರಾಶಿಯ ಪಕ್ಕ ಬಂದು ಕೂರುತ್ತಾನೆ, ನನ್ನ ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದು ಹೊಸೆಯುತ್ತಾನೆ. ಈಗ ಗೊಣಗುವುದಿಲ್ಲ.

ನೀನು ಹೇಳಿದ್ದು ನಿಜ ಎಂದು ಅವನು ತಮ್ಮನಿಗೆ ಎಂದೂ ಹೇಳಲಿಲ್ಲ.