ಯಾವ ಕೈ, ಸ್ಟಾನೆಕ್?

ಸ್ಟಾನೆಕ್ ಅವರನ್ನು ಮಣ್ಣು ಮಾಡಿ ನಾವೆಲ್ಲ ಜೀನೋನ ಬಾರಿಗೆ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ನಾವು ಎಂದರೆ ಎಡಬೆಂಚಿನವರು: ಬೆಲ್ಡನ್ ಫೆರಿಯ ಬೇಸ್‌ಬಾಲ್ ಮೈದಾನದ ಎಡಗಡೆ, ಅಗ್ಗದ ಸಾಲಿನಲ್ಲಿ, ಬಿಸಿಲಿಗೆ ಕತ್ತು ಸುಟ್ಟುಕೊಂಡು ಇಪ್ಪತ್ತು ವರ್ಷ ಗಂಟಲು ಹರಿದುಕೊಂಡ ಜನ. ಆರ್ವಿಲ್ ಸ್ಟಾನೆಕ್ ಹನ್ನೊಂದು ವರ್ಷ ನಮ್ಮ ತಂಡದ ಮ್ಯಾನೇಜರ್ ಆಗಿದ್ದವರು. ಬದುಕಿದ್ದಾಗ ನಮ್ಮಲ್ಲಿ ಒಬ್ಬರೂ ಅವರನ್ನು ಮರ್ಯಾದೆಯಿಂದ ಮಾತಾಡಿಸಿದವರಲ್ಲ. ಈಗ ಕರಿ ಕೋಟು ಹಾಕಿಕೊಂಡು, ಮುಖ ಸಣ್ಣ ಮಾಡಿಕೊಂಡು ಕೂತಿದ್ದೆವು. ನನ್ನ ಕೋಟಿನ ಗುಂಡಿ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ, ಅದು ಬೇರೆ ವಿಷಯ.

"ಒಬ್ಬೊಬ್ರು ಒಂದೊಂದು ಸ್ಟಾನೆಕ್ ಕಥೆ ಹೇಳ್ಬೇಕು," ಅಂದ ಜೀನೋ ಬಿಯರ್ ಬಗ್ಗಿಸುತ್ತ. "ಅತ್ತೋರನ್ನ ಮಾತ್ರ ಆಚೆ ಹಾಕ್ತೀನಿ."

ಅರ್ಲೀನ್ ಶುರು ಮಾಡಿದಳು. ಹದಿನೆಂಟು ವರ್ಷ ಪ್ರತಿ ಪಂದ್ಯದ ಸ್ಕೋರನ್ನು ಪೆನ್ಸಿಲಿನಲ್ಲಿ ಬರೆದಿಟ್ಟವಳು ಅವಳು.

"ಸೂರ್ಯಕಾಂತಿ ಬೀಜ ತಿಂದು ಸಿಪ್ಪೇನೆಲ್ಲ ಜೇಬಿಗೆ ಹಾಕ್ಕೊಳ್ತಿದ್ದ, ನೋಡಿದೀರಾ? ಬೇರೆಯೋರೆಲ್ಲ ನೆಲಕ್ಕೆ ಉಗೀತಿದ್ರು. ಯಾಕಯ್ಯಾ ಅಂತ ಕೇಳ್ದೆ. 'ಗುಡಿಸೋ ಮುದುಕನಿಗೆ ಸೊಂಟ ನೋವು' ಅಂದ."

"ಅದೇ ಜೇಬಿಂದ ಒಂದ್ಸಲ ಅಂಪೈರಿಗೆ ಬೀಜ ತೆಗೆದು ಕೊಟ್ಟ ಕಣೇ," ಅಂದ ಜೀನೋ. "'ಕಣ್ಣಿಗಂತೂ ಕೆಲಸ ಕೊಡ್ತಿಲ್ಲ, ಬಾಯಿಗಾದ್ರೂ ಕೊಡಿ ಸ್ವಾಮಿ' ಅಂತ! ಮೈದಾನದಿಂದ ಆಚೆ ಕಳಿಸಿದ್ರು. ಟೋಪಿ ತೆಗೆದು ಥ್ಯಾಂಕ್ಸ್ ಹೇಳಿ ಹೊರಟ."

ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

"ಡೆಲ್, ನಿಂದು?" ಅಂದ ಜೀನೋ.

"ನಂದು ಆಮೇಲೆ."

"ಅಯ್ಯೋ, ಇಪ್ಪತ್ತು ವರ್ಷ ಇವನ ಬಾಯಿ ಮುಚ್ಚಿಸೋಕೆ ಪೊಲೀಸರಿಗೂ ಆಗ್ಲಿಲ್ಲ. ಇವತ್ತು ನೋಡಿ!" ಅಂದಳು ಅರ್ಲೀನ್.

ನನ್ನ ಕಥೆ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಯಾರೂ ಬಲವಂತ ಮಾಡಲಿಲ್ಲ.

ಎಂಬತ್ತೇಳರ ಲೀಗ್ ಫೈನಲ್. ಕೊನೆಯ ಸರದಿ, ನಾವು ಒಂದು ರನ್ ಮುಂದೆ. ಚೆಂಡು ಎಸೆಯುವ ನಮ್ಮ ಪಿಚರ್ ಸುಸ್ತಾಗಿದ್ದ. ಅವನನ್ನು ಬದಲಿಸಲು ಸ್ಟಾನೆಕ್ ಅವನು ನಿಂತಿದ್ದ ನಡುವಿನ ದಿಬ್ಬಕ್ಕೆ ನಡೆದುಹೋದರು. ದೂರದ ಬೇಲಿಯ ಹತ್ತಿರ ಇಬ್ಬರು ಕೈ ಬಿಸಿ ಮಾಡಿಕೊಂಡು ಕಾಯುತ್ತಿದ್ದರು, ಒಬ್ಬ ಬಲಗೈ ಪಿಚರ್, ಒಬ್ಬ ಎಡಗೈಯವ. ಅಷ್ಟು ದೂರ ಕೂಗಿದರೆ ಕೇಳುವುದಿಲ್ಲ. ಮ್ಯಾನೇಜರ್ ತನ್ನ ಬಲತೋಳು ಮುಟ್ಟಿದರೆ ಬಲಗೈಯವ ಬರಬೇಕು, ಎಡತೋಳು ಮುಟ್ಟಿದರೆ ಎಡಗೈಯವ. ಬಲಗೈಯವ ನಮ್ಮ ಹಳೇ ಹುಲಿ. ಎಡಗೈಯವ ಆ ವಾರವಷ್ಟೇ ತಂಡ ಸೇರಿದ್ದ. ಯಾರನ್ನು ಕರೆಯಬೇಕು ಎಂದು ನಮ್ಮ ಊರಿನ ನಾಯಿಗೂ ಗೊತ್ತಿತ್ತು. ಸ್ಟಾನೆಕ್ ಎಡತೋಳು ಹಿಡಿದುಕೊಂಡರು. ಅಂಪೈರ್ ಬೇಲಿಯ ಕಡೆ ಸನ್ನೆ ಮಾಡಿದ. ಆ ಹೊಸಬ ಓಡೋಡಿ ಬಂದ. ಅವನ ಎರಡನೆಯ ಚೆಂಡು ಎದುರಾಳಿಯ ಹೊಡೆತಕ್ಕೆ ನಮ್ಮ ತಲೆಗಳ ಮೇಲೆ ಹಾರಿ, ಮೈದಾನ ದಾಟಿ, ಕಾರುಗಳ ನಡುವೆ ಬಿತ್ತು. ಫೈನಲ್ ಸೋತೆವು. ಪತ್ರಿಕೆಯವರು ಕೇಳಿದಾಗ ಸ್ಟಾನೆಕ್ "ನಾನೇ ಕರೆದದ್ದು" ಎಂದಷ್ಟೇ ಹೇಳಿದರು.

ಮುಂದಿನ ವರ್ಷದ ಮೊದಲ ಪಂದ್ಯದಲ್ಲಿ ನಾನು ಬೆಂಚಿನ ಮೇಲೆ ಹತ್ತಿ ನಿಂತು, ನನ್ನ ಎಡತೋಳು ಹಿಡಿದುಕೊಂಡು, "ಯಾವ ಕೈ, ಸ್ಟಾನೆಕ್?" ಎಂದು ಕೂಗಿದೆ. ಬೆಂಚು ನಕ್ಕಿತು. ಐದು ನಿಮಿಷದಲ್ಲಿ ಇಡೀ ಮೈದಾನ ತೋಳು ಹಿಡಿದುಕೊಂಡು ಕೂಗುತ್ತಿತ್ತು. ಒಂದು ತಿಂಗಳಲ್ಲಿ ಕೂಗುವ ಅಗತ್ಯವೂ ಉಳಿಯಲಿಲ್ಲ. ಪೆಟ್ರೋಲ್ ಬಂಕಿನಲ್ಲಿ, ಚರ್ಚಿನ ಬಾಗಿಲಲ್ಲಿ, ಕ್ಷೌರದಂಗಡಿಯಲ್ಲಿ ಅವರು ಕಂಡರೆ ಸಾಕು, ಜನ ಸುಮ್ಮನೆ ಎಡತೋಳು ಹಿಡಿದು ತೋರಿಸುತ್ತಿದ್ದರು. ಅವರು ಟೋಪಿಗೆ ಎರಡು ಬೆರಳು ತಾಗಿಸಿ ಮುಂದೆ ಹೋಗುತ್ತಿದ್ದರು. ಎರಡು ವರ್ಷದ ಮೇಲೆ ತಂಡದವರು ಅವರನ್ನು ತೆಗೆದರು. ಅವರು ಊರು ಬಿಡಲಿಲ್ಲ, ಮುಖ್ಯರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಬಣ್ಣ ಮಾರುತ್ತ ಉಳಿದರು. ನಾವೂ ಬಿಡಲಿಲ್ಲ. ಊರಿನ ಬಸ್ಸು ಓಡಿಸುತ್ತಿದ್ದ ನಾನು ಆ ಅಂಗಡಿಯ ಮುಂದೆ ಹೋಗುವಾಗಲೆಲ್ಲ ಹಾರ್ನ್ ಹೊಡೆದು ತೋಳು ತೋರಿಸುತ್ತಿದ್ದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಆಗ ನಾನು ಊರಿಗೇ ದೊಡ್ಡ ತಮಾಷೆಗಾರ.

ಬಾರಿನ ಬಾಗಿಲು ತೆರೆಯಿತು. ಸ್ಟಾನೆಕ್ ಅವರ ಹೆಂಡತಿ ವಿಲ್ಮಾ ಒಳಗೆ ಬಂದರು, ಕೈಯಲ್ಲಿ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ. ಅವರು ಆ ಬಾರಿಗೆ ಕಾಲಿಟ್ಟವರೇ ಅಲ್ಲ, ಮೈದಾನಕ್ಕೂ ಬಂದವರಲ್ಲ. ಗಂಡ ಸೋಲುವುದನ್ನು ನೋಡಲಾಗುವುದಿಲ್ಲ ಎನ್ನುತ್ತಿದ್ದರಂತೆ.

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದರು. "ಪಿರೋಗಿ ತಂದಿದೀನಿ, ಆಲೂಗಡ್ಡೆ ತುಂಬಿದ ಕಡುಬು. ಮನೇಲಿ ತಿನ್ನೋರಿಲ್ಲ. ನಿಮಗೊಂದು ಥ್ಯಾಂಕ್ಸ್ ಹೇಳ್ಬೇಕಿತ್ತು, ಅದಕ್ಕೇ ಬಂದೆ."

"ನಮಗ್ಯಾಕಮ್ಮಾ ಥ್ಯಾಂಕ್ಸು?" ಅಂದ ಜೀನೋ.

"ಅವರ ಹೃದಯದ ವಿಷಯ ಯಾರಿಗೂ ಹೇಳ್ಬೇಡ ಅಂದಿದ್ರು. ಆ ಫೈನಲ್ ದಿನ ದಿಬ್ಬದ ಮೇಲೆ ನಿಂತಾಗಲೇ ಎಡತೋಳು ಹಿಂಡಿಬಂತಂತೆ. ನೋವಿಗೆ ಹಿಡ್ಕೊಂಡ್ರೆ, ಅಂಪೈರು ಎಡಗೈ ಹುಡುಗನ್ನ ಕರೆದುಬಿಟ್ಟ. 'ತಪ್ಪಾಯ್ತು ಅನ್ಬಾರದಿತ್ತೇನ್ರೀ' ಅಂದ್ರೆ, 'ಅಷ್ಟು ಜನರ ಮುಂದೆ ಓಡಿ ಬಂದೋನಿಗೆ ನೀನಲ್ಲ ಹೋಗು ಅನ್ನೋದು ಹೇಗೆ ವಿಲ್ಮಾ' ಅಂದ್ರು. ಅವತ್ತೇ ಆಸ್ಪತ್ರೆಗೆ ಹೋದ್ವಿ. ಕೆಲಸ ಹೋಗುತ್ತೆ ಅಂತ ಮುಚ್ಚಿಟ್ರು. ಆದ್ರೆ ನೀವೆಲ್ಲ ಕಣ್ಣಾರೆ ನೋಡಿದ್ರಲ್ಲ!"

ವಿಲ್ಮಾ ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡು ಮುಂದುವರಿಸಿದರು.

"ರಸ್ತೇಲಿ ಹೋಗ್ತಿದ್ರೆ ಜನ ತೋಳು ಹಿಡಿದು ತೋರ್ಸೋರು. ಇದೇನ್ರೀ ಅಂತ ಕೇಳ್ದೆ. 'ಕೈ ಹೇಗಿದೆ ಅಂತ ವಿಚಾರಿಸ್ತಾರೆ ಕಣೇ, ಒಳ್ಳೇ ಜನ' ಅಂದ್ರು. ಆರು ವರ್ಷ ಒಬ್ಬರೂ ಮರೀಲಿಲ್ಲ ನೀವು. ಇದನ್ನ ಶುರು ಮಾಡಿದ್ದು ಎಡಬೆಂಚಿನ ಒಬ್ರು ಅಂತಾನೂ ಹೇಳಿದ್ರು. ಯಾರದು?"

ಅರ್ಲೀನ್ ತನ್ನ ಗ್ಲಾಸಿನೊಳಗೆ ನೋಡುತ್ತಿದ್ದಳು. ಜೀನೋ ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದ. ಸುಮ್ಮನಿದ್ದರೆ ಯಾರೂ ನನ್ನ ಹೆಸರು ಹೇಳುತ್ತಿರಲಿಲ್ಲ. ಆದರೂ ಎದ್ದೆ. ಇರುವುದನ್ನು ಇದ್ದಂತೆ ಹೇಳಿಬಿಡೋಣ, ಅವರು ಕೆನ್ನೆಗೆ ಹೊಡೆದರೆ ಹೊಡೆಯಲಿ ಎಂದುಕೊಂಡೇ ಎದ್ದೆ.

"ನಾನಮ್ಮಾ. ಡೆಲ್ಬರ್ಟ್ ಕ್ರೌಸ್. ಆದ್ರೆ ಅದು..."

ಅವರು ತಟ್ಟೆ ಮೇಜಿನ ಮೇಲಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು.

"ನೀವೇನಾ? ಸೋಮವಾರ ಅಂಗಡೀಲಿ ಅವರನ್ನ ಕೊನೇಲಿ ನೋಡಿದ್ದೂ ನೀವೇ ಅಂತೆ. ಅಂಗಡಿಯೋರು ಹೇಳಿದ್ರು, ನೀವು ಹೋದ್ಮೇಲೆ ಉಗ್ರಾಣಕ್ಕೆ ಹೋದವರು ವಾಪಸು ಬರ್ಲಿಲ್ಲ ಅಂತ. ಅವತ್ತೂ ಕೇಳಿದ್ರಾ ಕೈ ಹೇಗಿದೆ ಅಂತ?"

ಸೋಮವಾರ ನಾನು ಬಾಗಿಲಿನ ತಿರುಗಣಿ ಕೊಳ್ಳಲು ಹೋಗಿದ್ದೆ. ಎಂದಿನಂತೆ ತೋಳು ಹಿಡಿದು ತೋರಿಸಿದೆ. ಆರು ವರ್ಷದಲ್ಲಿ ಮೊದಲ ಸಲ ಅವರೂ ತಮ್ಮ ಎಡತೋಳು ಹಿಡಿದುಕೊಂಡರು. ಮುಖ ಬೆವೆತಿತ್ತು, ಏನೋ ಹೇಳಲು ಬಾಯಿ ತೆರೆದಿದ್ದರು. ಕೊನೆಗೂ ಈ ಮನುಷ್ಯ ನಮ್ಮ ತಮಾಷೆಗೆ ಸೇರಿಕೊಂಡ ಎಂದು ನನಗೆ ಖುಷಿಯೋ ಖುಷಿ. ಗಹಗಹಿಸಿ ನಕ್ಕು, ಚಪ್ಪಾಳೆ ತಟ್ಟಿ, "ಭೇಷ್ ಸ್ಟಾನೆಕ್!" ಎಂದು ತಿರುಗಣಿ ತೆಗೆದುಕೊಂಡು ಹೊರಟು ಬಂದಿದ್ದೆ.

"ಕೇಳಿದ್ರಾ?" ವಿಲ್ಮಾ ನನ್ನ ಕೈ ಅಲುಗಿಸಿದರು.

"ಕೇಳ್ದೆ."

"ಏನಂದ್ರು?"

"ಚೆನ್ನಾಗಿದೆ ಅಂದ್ರು."

"ನೋವಿತ್ತಾ?"

"ಇಲ್ಲಮ್ಮಾ. ನಗ್ತಿದ್ರು."

ಅವರು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟರು. "ಅಷ್ಟು ಸಾಕು," ಎಂದರು. "ಒಬ್ರೇ ನರಳಿದ್ರೇನೋ ಅಂತ ಐದು ದಿನದಿಂದ ನಿದ್ದೆ ಇಲ್ಲ ನಂಗೆ." ಆಮೇಲೆ ತಟ್ಟೆಯ ಬಟ್ಟೆ ತೆಗೆದು, ಎಲ್ಲರಿಗಿಂತ ಮೊದಲು ನನಗೆ ಎರಡು ಪಿರೋಗಿ ಹಾಕಿಕೊಟ್ಟು, "ತಿನ್ನಿ, ನನ್ನ ಮುಂದೆ ತಿನ್ನಿ," ಎಂದು ಎದುರಿಗೇ ಕೂತರು. ನಾನು ತಿಂದೆ. ಅವರು ಇನ್ನೊಂದು ಹಾಕಿದರು. ಅದನ್ನೂ ತಿಂದೆ.