ಕೆದಕದೆ ಬಿಟ್ಟ ಪಾತಿ

ನನಗೆ ಮೂಗಿನ ತುದಿಯಲ್ಲೇ ಕೋಪ. "ಆಸ್ಪತ್ರೆ ಹಿಂದಿನ ಖಾಲಿ ಜಾಗದಲ್ಲಿ ನಿಮ್ಮಂಥ ಅಪ್ಪ ಅಮ್ಮಂದಿರು ಸೇರ್ಕೊಂಡು ತರಕಾರಿ ಬೆಳೀತಿದ್ದಾರೆ, ನೀವೂ ಹೋಗಿ" ಎಂದು ಡಾಕ್ಟರು ಹೇಳಿದಾಗ, ನಿದ್ದೆ ಬಾರದವಳ ಕೈಗೆ ಗುದ್ದಲಿ ಕೊಡೋದು ಎಲ್ಲಿಯ ವೈದ್ಯ ಸ್ವಾಮೀ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿಬಿಟ್ಟೆ. ಅವರು ನಕ್ಕರು. ಬೇಸರಿಸದೆ ನಕ್ಕ ಆ ಮಹಾರಾಯನಿಗೆ ಇವತ್ತು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಆದದ್ದು ಇಷ್ಟು. ಮಗಳ ಶಾಲೆಯಲ್ಲಿ ಪಾಠ ನಡೆಯುತ್ತಿದ್ದಾಗಲೇ ತರಗತಿಯ ಚಾವಣಿ ಕುಸಿಯಿತು. ಇವಳು ಬೆಂಚಿನ ಕೆಳಗೆ ತೂರಿಕೊಂಡು ಉಳಿದಳು. ಮೊಣಕೈ ತರಚಿತ್ತು, ಅಷ್ಟೇ. ಹೊಸ ಕಟ್ಟಡದಲ್ಲಿ ಶಾಲೆ ಶುರುವಾದಾಗ ಕುಣಿಯುತ್ತಾ ಹೋದಳು. ಗೇಟಿನಿಂದ ವಾಪಸು ಬರಲಾರದವಳು ನಾನು. ಎದುರಿನ ಕಟ್ಟೆಯ ಮೇಲೆ ಕೂತು, ಅವಳ ತರಗತಿಯ ಕಿಟಕಿಯಲ್ಲೇ ಕಣ್ಣು ನೆಟ್ಟು ಸಂಜೆ ಮಾಡುತ್ತಿದ್ದೆ. ನನ್ನ ಹೊಲಿಗೆ ಅಂಗಡಿಗೆ ಬೀಗ ಬಿತ್ತು. ಗಂಡ ಹೇಳಿ ಹೇಳಿ ಸೋತರು. ಒಂದು ದಿನ ಮಗಳು ಪುಸ್ತಕದ ಚೀಲ ಬಿಸಾಡಿದಳು.

"ಎಲ್ಲರೂ ನಗ್ತಾರಮ್ಮಾ. ನೀನು ಹೀಗೇ ಅಲ್ಲಿ ಬಂದು ಕೂರೋದಾದ್ರೆ ನಾನು ಶಾಲೆಗೇ ಹೋಗಲ್ಲ."

ಚಾವಣಿ ಬಿದ್ದರೂ ನಿಲ್ಲದ ಅವಳ ಓದು ನನ್ನಿಂದ ನಿಲ್ಲುತ್ತದಲ್ಲ ಎಂದು ಎದೆ ಧಸಕ್ಕೆಂದಿತು. ಗುದ್ದಲಿ ಹಿಡಿದದ್ದು ಆ ಹೆದರಿಕೆಗೆ. ತೋಟಕ್ಕೆ ಹೋಗಲು ಒಪ್ಪಿದ್ದಕ್ಕೆ ಅವಳು ಮತ್ತೆ ಶಾಲೆಗೆ ಹೊರಟಳು, ಆದರೆ ಹಗಲು ಹೊತ್ತು ಆ ಕಟ್ಟೆ ಬಿಡಲು ಮಾತ್ರ ನನ್ನಿಂದ ಆಗಲಿಲ್ಲ, ತೋಟ ಸಂಜೆಗೆ.

ತೋಟದ ಯಜಮಾನಿಕೆ ನಿವೃತ್ತ ನರ್ಸ್ ಒಬ್ಬರದು. ಎಲ್ಲರ ಬಾಯಲ್ಲೂ ಅವರು ಸಿಸ್ಟರಮ್ಮ. ನನ್ನ ಪಕ್ಕದ ಪಾತಿ ಒಬ್ಬ ಬಸ್ ಡ್ರೈವರದು. ಅವರ ಬಸ್ಸಿಗೆ ಲಾರಿಯೊಂದು ಪಕ್ಕದಿಂದ ಬಂದು ಗುದ್ದಿದಾಗ ಒಳಗೆ ಅವರ ಮಗನೂ ಇದ್ದ. ಹುಡುಗನ ಕಾಲು ಕೂಡಿಕೊಂಡು ಈಗ ಚೆಂಡು ಒದೆಯುತ್ತಿದ್ದಾನೆ. ಅಪ್ಪ ಮಾತ್ರ ಸ್ಟೀರಿಂಗ್ ಮುಟ್ಟದೆ ಡಿಪೋದಲ್ಲಿ ಕೂತಲ್ಲೇ ಕೆಲಸ ಮಾಡುತ್ತಿದ್ದರು. ಅವರು ಕುಂಬಳದ ಬೀಜ ಹಾಕಿದರು, ನಾನು ಬೀನ್ಸ್ ಹಾಕಿದೆ.

ಮೊಳಕೆ ಬರಲಿಲ್ಲ. ನಮ್ಮಿಬ್ಬರ ಪಾತಿಯಲ್ಲಷ್ಟೇ ಅಲ್ಲ, ಇಡೀ ತೋಟದಲ್ಲಿ ಒಂದು ಹಸಿರು ಚುಕ್ಕೆಯೂ ಇಲ್ಲ! ಸಿಸ್ಟರಮ್ಮ ಅಲ್ಲಲ್ಲಿ ಮಣ್ಣು ಸರಿಸಿ ನೋಡಿದರು. ಬೇರು ಮುರಿದು ಒಣಗಿದ ಬೀಜಗಳು ಕೈಗೆ ಬಂದವು. ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನಿಜ ಹೇಳಿ. ಯಾರ್ಯಾರು ಕೆದಕಿ ನೋಡಿದ್ರಿ?"

ಮೊದಲು ಡ್ರೈವರಣ್ಣ ಶಾಲೆಯ ಹುಡುಗನ ಹಾಗೆ ಬೆರಳೆತ್ತಿದರು. ನಾನೂ ಎತ್ತಿದೆ. ಒಬ್ಬೊಬ್ಬರಾಗಿ ಎಲ್ಲರ ಕೈಯೂ ಮೇಲೆ ಬಂತು. ಮಲಗಿದ ಮಕ್ಕಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರಾಡುತ್ತಿವೆಯೇ ಎಂದು ನೋಡುವ ಜನ ನಾವು. ಬೀಜ ಬದುಕಿದೆಯೋ ಇಲ್ಲವೋ ಎಂದು ದಿನವೂ ಅಗೆದು ನೋಡಿ ಮತ್ತೆ ಮುಚ್ಚಿದ್ದೆವು. ಯಾರೋ ಕಿಸಕ್ಕೆಂದರು. ಆಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ತಲೆಕೆಟ್ಟವಳು ನಾನೊಬ್ಬಳೇ ಎಂದುಕೊಂಡಿದ್ದೆ. ಅಲ್ಲವೆಂದು ತಿಳಿದಾಗ ಆದ ನೆಮ್ಮದಿಯನ್ನು ಯಾವ ಗುಳಿಗೆಯೂ ಕೊಟ್ಟಿರಲಿಲ್ಲ.

ಸಿಸ್ಟರಮ್ಮ ಅಲ್ಲೇ ಕಾಯಿದೆ ಮಾಡಿದರು. "ಇನ್ಮೇಲೆ ಬಿತ್ತೋದು ನೀವು, ನೋಡ್ಕೊಳ್ಳೋದು ಪಕ್ಕದವರು. ತಮ್ಮ ಪಾತಿಗೆ ತಾವೇ ಕೈ ಹಾಕಿದ್ರೆ ಜೋಕೆ!"

ಎಂಥ ಉಪಾಯ ನೋಡಿ. ನಾವೆಲ್ಲ ಮರ್ಯಾದಸ್ಥರು, ಇನ್ನೊಬ್ಬರ ಪಾತಿ ಕೆದಕಲು ಸಂಕೋಚ. ಮತ್ತೆ ಬಿತ್ತಿದ ಮೇಲೆ, ಡ್ರೈವರಣ್ಣ ನನ್ನ ಬೀನ್ಸಿಗೆ ನೀರು ಹಾಕುವಾಗ ನಾನು ಕೈ ಕಟ್ಟಿಕೊಂಡು ಒದ್ದಾಡುತ್ತಿದ್ದೆ.

"ಅದೇನಣ್ಣಾ, ನೀರು ಹಾಕ್ತಿದ್ದೀರೋ, ಕಣ್ಣಿಗೆ ಔಷಧಿ ಬಿಡ್ತಿದ್ದೀರೋ?"

"ಟೈಲರಮ್ಮಾ, ನೀವು ನನ್ನ ಕುಂಬಳ ನೋಡ್ಕೊಳ್ಳಿ. ಇದು ನನ್ನ ಡ್ಯೂಟಿ."

ಒಂದು ಸಂಜೆ ಹೋದಾಗ ಬೀನ್ಸ್ ಕತ್ತು ಬಗ್ಗಿಸಿಕೊಂಡೇ ಮಣ್ಣೊಡೆದು ಮೇಲೆ ಬಂದಿತ್ತು, ಸಾಲಿಗೆ ಸಾಲೇ. ನಾನು ನೋಡದೆ ಇದ್ದಾಗ ಬಂದಿತ್ತು. ಪಾತಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅತ್ತೆ. ಡ್ರೈವರಣ್ಣ ಗಾಬರಿಯಾಗಿ, "ನಾನು ಮುಟ್ಟಿಲ್ಲಮ್ಮಾ, ಆಣೆ!" ಎಂದರು.

ಕುಂಬಳದ ಬಳ್ಳಿ ಬೇಲಿ ಹತ್ತುವ ಹೊತ್ತಿಗೆ ಅವರೇ ಮಾತು ತೆಗೆದರು. "ಡಿಪೋದವರು ಪರೀಕ್ಷೆ ಮಾಡಿ ಮತ್ತೆ ಬಸ್ ಕೊಟ್ಟಿದ್ದಾರೆ. ಸೋಮವಾರದಿಂದ ನಿಮ್ಮ ಮಗಳ ಶಾಲೆ ದಾರಿಯಲ್ಲೇ ಓಡಿಸ್ಬೇಕು. ಕೈಗೇನೂ ಆಗಿಲ್ಲ, ಧೈರ್ಯವೇ ಸಾಲ್ತಿಲ್ಲ. ನನ್ನ ನಂಬಿ ಯಾರು ಹತ್ತುತಾರೆ?"

"ನನ್ನ ಮಗಳು ಹತ್ತುತಾಳೆ" ಎಂದುಬಿಟ್ಟೆ.

ಸೋಮವಾರ ಬಸ್ ಬಂತು. ಮಗಳು ಹತ್ತಿದಳು. ನನ್ನ ಒಂದು ಕಾಲು ಮೆಟ್ಟಿಲ ಮೇಲೆ ಹೋಗಿಯೇ ಬಿಟ್ಟಿತ್ತು. ಡ್ರೈವರಣ್ಣ ತಿರುಗಿ ನೋಡಿದರು. ಹಣೆಯ ಮೇಲೆ ಬೆವರು. ನಾನೂ ಹತ್ತಿಬಿಟ್ಟರೆ ಆ ಮನುಷ್ಯನನ್ನು ನಂಬಿದ ಹಾಗೆ ಎಲ್ಲಿ ಆಯಿತು? ಕಾಲು ಕೆಳಗಿಟ್ಟೆ.

"ನನ್ನ ಬೀನ್ಸ್ ಕಾಪಾಡಿದವರು ನೀವು. ಹೊರಡಿ ಅಣ್ಣಾ."

ಬಸ್ ತಿರುವಿನಲ್ಲಿ ಮರೆಯಾಯಿತು. ನಾನು ಶಾಲೆಯ ಎದುರಿನ ಕಟ್ಟೆಯ ಕಡೆಗೆ ಹೋಗಲಿಲ್ಲ. ತೋಟಕ್ಕೆ ಹೋಗಿ ಅವರ ಕುಂಬಳಕ್ಕೆ ನೀರು ಹಾಕಿದೆ, ಅಲ್ಲಿಂದ ಬಂದು ಅಂಗಡಿಯ ಬೀಗ ತೆಗೆದೆ. ಮೆಷಿನ್ನಿಗೆ ಎಣ್ಣೆ ಬಿಟ್ಟು, ಬಟ್ಟೆಯ ಚೂರಿನ ಮೇಲೆ ನೆಟ್ಟಗೆ ಬರುವ ತನಕ ಹೊಲಿಗೆ ಹಾಕುತ್ತಲೇ ಇದ್ದೆ.

ಸಂಜೆ ಅದೇ ಬಸ್ಸಿನಿಂದ ಇಳಿದ ಮಗಳು ನೇರ ಅಂಗಡಿಗೆ ಓಡಿಬಂದಳು.

"ಅಮ್ಮಾ, ಕಿಟಕಿಯಿಂದ ನೋಡ್ದೆ, ನೀನು ಅಲ್ಲಿ ಇರ್ಲೇ ಇಲ್ಲ!"

"ಕೆಲಸ ಇತ್ತು ಕಣೇ."

"ಹಾಗಾದ್ರೆ ಇದರ ಅಂಚು ಬಿಚ್ಚಿ ಉದ್ದ ಮಾಡಿಕೊಡು" ಎಂದು ಸಮವಸ್ತ್ರದ ಲಂಗ ಹಿಡಿದು ತೋರಿಸಿದಳು. ಅದು ಮಂಡಿಯಿಂದ ಮೇಲಕ್ಕೆ ಹೋಗಿತ್ತು. ನಾನು ದರ್ಜಿ, ಅಷ್ಟು ದಿನ ಅವಳ ಮೇಲಿಂದ ಕಣ್ಣು ಕಿತ್ತಿರಲಿಲ್ಲ. ಅವಳು ಇಷ್ಟು ಬೆಳೆದದ್ದನ್ನು ನೋಡಿಯೇ ಇರಲಿಲ್ಲ.